ಊಟ ಹಾಕಿ ರೂಮು ಕೊಟ್ಟರೆ ಅದು ಮನೆಯೋ, ವ್ಯಾಪಾರವೋ?

2023ರ ಜುಲೈನಲ್ಲಿ 'ಪಿಜಿಗೂ ಶೇ. 12 ಜಿಎಸ್‌ಟಿ' ಎಂಬ ಸುದ್ದಿ ಬಂತು. ಪಿಜಿ ಅಂದರೆ ಪೇಯಿಂಗ್ ಗೆಸ್ಟ್, ದುಡ್ಡು ತೆಗೆದುಕೊಂಡು ಊಟ, ರೂಮು ಕೊಡುವ ಏರ್ಪಾಡು. ಮರುವರ್ಷ ಜೂನ್‌ನಲ್ಲಿ 'ಪಿಜಿಗೆ ಜಿಎಸ್‌ಟಿ ಇಲ್ಲ' ಅಂತ ಬಂತು. ಅದಾಗಿ ಎರಡು ತಿಂಗಳಿಗೆ ಬೆಂಗಳೂರಿನ ಪಿಜಿಗಳಿಗೆ ಸಿಸಿಟಿವಿ, ತಲೆಗೆ ಇಷ್ಟು ಚದರಡಿ ಜಾಗ, ಇಷ್ಟು ಲೀಟರ್ ನೀರು ಎಂಬ ನಿಯಮಗಳು ಬಂದವು. 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಜಿಎಸ್‌ಟಿ ದರವನ್ನೇ ತೆಗೆದುಹಾಕಿದರು. ಹಳೆಯದು, ಹೊಸದು ಎಲ್ಲ ಸೇರಿ ಈ ಸುದ್ದಿಗಳು ತಾರೀಖಿಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಸುತ್ತುತ್ತಿವೆ.

ಇದರಿಂದ ಕಂಗಾಲಾಗುವವರು ದೊಡ್ಡ ಪಿಜಿ ನಡೆಸುವವರಲ್ಲ. ಅವರಿಗೆ ಆಡಿಟರ್ ಇರುತ್ತಾರೆ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಒಂಟಿಕೊಪ್ಪಲಿನಂಥ ಬಡಾವಣೆಗಳಲ್ಲಿ ತಾವಿರುವ ಮನೆಯಲ್ಲೇ ಒಂದೋ ಎರಡೋ ರೂಮು ಬಿಟ್ಟುಕೊಟ್ಟು, ಮನೆಯವರಿಗೆ ಮಾಡಿದ ಅಡುಗೆಯನ್ನೇ ಅವರಿಗೂ ಬಡಿಸುವವರು ಇದ್ದಾರಲ್ಲ, ಗಾಬರಿ ಅವರಿಗೆ. ನಾವೂ ಜಿಎಸ್‌ಟಿ ಕಟ್ಟಬೇಕಾ? ಲೈಸೆನ್ಸ್ ಬೇಕಾ? ಅವರ ಮನೆಯಲ್ಲಿ ಇರುವ ಹುಡುಗ ಹುಡುಗಿಯರ ಪ್ರಶ್ನೆಯೂ ಇಂಥದ್ದೇ. ನಾವು ಬಾಡಿಗೆದಾರರಾ, ಗಿರಾಕಿಗಳಾ, ಅತಿಥಿಗಳಾ?

ಒಂದೇ ಉತ್ತರ ಸಿಗುವುದಿಲ್ಲ. ಒಂದೊಂದು ಇಲಾಖೆಯದು ಒಂದೊಂದು ಅಳತೆ. ಗೊಂದಲದ ಮೂಲ ಅದೇ.

ಎರಡು ಬಗೆಯ ಪಿಜಿ, ಒಂದೇ ಹೆಸರು

ಮೈಸೂರಿಗೆ ಓದಲು ಬಂದವರಿಗೆ ಮನೆಗಳಲ್ಲಿ ಊಟ ಸಿಗುವುದು ಹಳೆಯ ರೂಢಿ. ವಾರಕ್ಕೊಂದು ದಿನ ಒಬ್ಬೊಬ್ಬರ ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆ ಈ ಊರಿನ ಹಳಬರಿಗೆಲ್ಲ ಗೊತ್ತು. ಅದು ದಾನದ ಲೆಕ್ಕ, ಇದು ದುಡ್ಡಿನ ಲೆಕ್ಕ. ಎರಡನ್ನೂ ಒಂದೇ ಅನ್ನಲಾಗದು. ಆದರೆ ಬೇಡಿಕೆಯ ಕಾರಣ ಅಂದಿಗೂ ಇಂದಿಗೂ ಒಂದೇ. 1916ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೆಡಿಕಲ್ ಕಾಲೇಜು 1930ರಲ್ಲಿ ಇಲ್ಲಿಗೆ ಬಂತು. ಆಮೇಲೆ 1946ರಲ್ಲಿ ಎಂಜಿನಿಯರಿಂಗ್ ಕಾಲೇಜು ಎನ್‌ಐಇ, 1963ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಇ, 1965ರಲ್ಲಿ ವಾಕ್ ಶ್ರವಣ ಸಂಸ್ಥೆ. ಓದಲು ಬಂದವರಿಗೆಲ್ಲ ಹಾಸ್ಟೆಲ್ ಸಿಗುವುದಿಲ್ಲ. ಮಂಡ್ಯದಲ್ಲೂ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು ಮಿಮ್ಸ್ ಇರುವುದರಿಂದ ಸಣ್ಣ ಪ್ರಮಾಣದಲ್ಲಿ ಇದೇ ಕಥೆ.

ಮನೆಯ ಕಡೆಯಿಂದಲೂ ಕಾರಣ ಇದೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಮೂರು ರೂಮಿನ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದಿರುತ್ತಾರೆ. ಖಾಲಿ ರೂಮಿನಿಂದ ನಾಲ್ಕು ಕಾಸು ಬರುತ್ತದೆ, ರಾತ್ರಿ ಹೊತ್ತು ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನುವ ಧೈರ್ಯವೂ ಸಿಗುತ್ತದೆ.

ಇನ್ನೊಂದು ಬಗೆಯೇ ಬೇರೆ. ಇಡೀ ಕಟ್ಟಡವನ್ನು ಲೀಸ್‌ಗೆ ತೆಗೆದುಕೊಂಡು, ಮಹಡಿ ಮಹಡಿಯಲ್ಲೂ ಮಂಚ ಹಾಕಿ, ಕೆಳಗೆ ಮೆಸ್ ಇಟ್ಟು, ಒಬ್ಬ ವಾರ್ಡನ್ ನೇಮಿಸುವುದು. ಮಾಲೀಕರು ಅಲ್ಲಿ ವಾಸವಿರುವುದಿಲ್ಲ. ಎರಡರ ಬೋರ್ಡಿನಲ್ಲೂ ಬರೆದಿರುವುದು ಪಿಜಿ ಅಂತಲೇ. ಸುದ್ದಿಯಲ್ಲಿ 'ಪಿಜಿ' ಅಂದಾಗ ಯಾವುದರ ಮಾತು ಎಂಬುದು ಅಲ್ಲೇ ಕಲಸಿಹೋಗುತ್ತದೆ.

ಜಿಎಸ್‌ಟಿ ಗಲಾಟೆ ಹುಟ್ಟಿದ್ದು ಹೇಗೆ

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಒಂದು ವಿನಾಯಿತಿ ಇತ್ತು. ವಾಸದ ಮನೆಯನ್ನು ವಾಸಕ್ಕೆ ಬಾಡಿಗೆಗೆ ಕೊಟ್ಟರೆ ತೆರಿಗೆ ಇಲ್ಲ. ಜೊತೆಗೆ ಲಾಡ್ಜ್, ಗೆಸ್ಟ್‌ಹೌಸ್‌ಗಳಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಇದ್ದ ರೂಮುಗಳಿಗೂ ತೆರಿಗೆ ಇರಲಿಲ್ಲ. ಪಿಜಿಗಳು ಈ ಎರಡನೆಯ ನೆರಳಿನಲ್ಲಿ ಹಾಯಾಗಿದ್ದವು. ತಿಂಗಳಿಗೆ ಏಳೆಂಟು ಸಾವಿರ ತೆಗೆದುಕೊಂಡರೆ ದಿನಕ್ಕೆ ಮುನ್ನೂರೂ ದಾಟುವುದಿಲ್ಲ, ಅಲ್ವಾ? ಹಾಗಾಗಿ ಪಿಜಿ ಅನ್ನುವುದು ಮನೆಯೋ ಲಾಡ್ಜೋ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಲಿಲ್ಲ.

2022ರ ಜುಲೈ 18ರಂದು 1,000 ರೂಪಾಯಿಯ ವಿನಾಯಿತಿಯನ್ನು ತೆಗೆದುಹಾಕಿದರು. ಆಗ ಪಿಜಿಗಳಿಗೆ ಉಳಿದ ದಾರಿ ಒಂದೇ: 'ನಮ್ಮದು ವಾಸದ ಮನೆ' ಅನ್ನುವುದು. ಇದಕ್ಕೆ ಬಲ ಕೊಡುವ ತೀರ್ಪೊಂದು ಅದೇ ವರ್ಷ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್‌ನಿಂದ ಬಂದಿತ್ತು. ಬೆಂಗಳೂರಿನ ಕಟ್ಟಡವೊಂದನ್ನು ಅದರ ಮಾಲೀಕರು ಒಂದು ಕಂಪನಿಗೆ ಕೊಟ್ಟಿದ್ದರು. ಕಂಪನಿ ಅಲ್ಲಿ ಹಾಸ್ಟೆಲ್ ನಡೆಸುತ್ತಿತ್ತು. ಅಲ್ಲಿರುವವರು ಅದನ್ನು ವಾಸಕ್ಕೇ ಬಳಸುತ್ತಾರೆ, ಆದ್ದರಿಂದ ಅದು ವಾಸದ ಮನೆಯೇ ಎಂದು ಕೋರ್ಟ್ ಹೇಳಿತು.

2023ರ ಜುಲೈನಲ್ಲಿ ಬೇರೊಂದು ಪಿಜಿ ಸಂಸ್ಥೆ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ (ತೆರಿಗೆ ಬೀಳುತ್ತದಾ ಅಂತ ಮೊದಲೇ ಕೇಳಿದವರಿಗೆ ಉತ್ತರ ಕೊಡುವ ಸಂಸ್ಥೆ) ಮುಂದೆ ಹೋದಾಗ ಉತ್ತರ ತಿರುಗಿತು. ಪರಸ್ಪರ ಸಂಬಂಧವಿಲ್ಲದವರು ಒಂದು ರೂಮು ಹಂಚಿಕೊಳ್ಳುತ್ತಾರೆ, ಬಿಲ್ಲು ಮಂಚದ ಲೆಕ್ಕದಲ್ಲಿ ಬರುತ್ತದೆ, ಇರುವವರಿಗೆ ಸ್ವಂತ ಅಡುಗೆಮನೆ ಇಲ್ಲ. ಇದು ಮನೆಯ ಲಕ್ಷಣ ಅಲ್ಲ, ತೆರಿಗೆ ಕಟ್ಟಬೇಕು ಎಂಬುದು ಪ್ರಾಧಿಕಾರದ ಮಾತು. 'ಪಿಜಿಗೆ ಶೇ. 12' ಎಂಬ ತಲೆಬರಹ ಹುಟ್ಟಿದ್ದು ಇಲ್ಲಿ. ಇಂಥ ಪ್ರಾಧಿಕಾರದ ತೀರ್ಮಾನ ಅರ್ಜಿ ಹಾಕಿದವರಿಗೂ ಅವರ ವ್ಯಾಪ್ತಿಯ ಅಧಿಕಾರಿಗೂ ಮಾತ್ರ ಅನ್ವಯಿಸುತ್ತದೆ. ಅದು ಊರಿಗೆಲ್ಲ ಕಾನೂನಲ್ಲ. ಈ ಒಂದು ಸಾಲು ಸುದ್ದಿಗಳಲ್ಲಿ ಬಿಟ್ಟುಹೋಗಿದ್ದರಿಂದಲೇ ಅರ್ಧ ಗಾಬರಿ.

ಕೊನೆಗೆ ಜಿಎಸ್‌ಟಿ ಕೌನ್ಸಿಲ್ ತಾನೇ ಗೆರೆ ಎಳೆಯಿತು. 2024ರ ಜೂನ್ 22ರ ಸಭೆಯ ತೀರ್ಮಾನ ಜುಲೈ 15ರಿಂದ ಜಾರಿಗೆ ಬಂತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಎಡೆಬಿಡದೆ ಕನಿಷ್ಠ 90 ದಿನ ಕೊಡುವ ವಸತಿಗೆ ತೆರಿಗೆ ಇಲ್ಲ. ಈ ಷರತ್ತುಗಳಿಗೆ ಹೊಂದುವ ಹಳೆಯ ಪ್ರಕರಣಗಳಿಗೂ ರಿಯಾಯಿತಿ ಕೊಟ್ಟರು. ಮನೆಯೋ ಲಾಡ್ಜೋ ಎಂಬ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೇ ಹೋಗದೆ, ದುಡ್ಡು ಎಷ್ಟು, ದಿನ ಎಷ್ಟು ಅಂತ ಕೇಳಿದರು. ಜಾಣತನವೇ ಸರಿ. ಆದರೆ ಮೂಲ ಪ್ರಶ್ನೆ ಉಳಿದ ಇಲಾಖೆಗಳ ಮುಂದೆ ಹಾಗೇ ಉಳಿಯಿತು.

ಮನೆಯವರಿಗೆ ಇದು ತಟ್ಟುತ್ತದಾ?

ಬಹುಪಾಲು ಇಲ್ಲ, ಆವತ್ತೂ ತಟ್ಟುತ್ತಿರಲಿಲ್ಲ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಉದಾಹರಣೆಗೆ ಊಟ ಸೇರಿ ತಿಂಗಳಿಗೆ 8,000 ರೂಪಾಯಿಯಂತೆ ಮೂವರನ್ನು ಇಟ್ಟುಕೊಂಡರೆ ವರ್ಷಕ್ಕೆ 2,88,000 ರೂಪಾಯಿ. ಇದೇ ದರದಲ್ಲಿ 20 ಲಕ್ಷ ದಾಟಬೇಕಾದರೆ ವರ್ಷಪೂರ್ತಿ 21 ಜನ ಇರಬೇಕು. ಇಷ್ಟು ಜನರಿಗೆ ಜಾಗ ಇರುವುದನ್ನು ಯಾರೂ ಮನೆ ಅನ್ನುವುದಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಈ 20 ಲಕ್ಷವನ್ನು ಮನೆಯ ಲೆಕ್ಕದಲ್ಲಿ ನೋಡುವುದಿಲ್ಲ, ಪ್ಯಾನ್ ನಂಬರಿನ ಲೆಕ್ಕದಲ್ಲಿ ನೋಡುತ್ತಾರೆ. ಅದೇ ಹೆಸರಿನಲ್ಲಿ ದೇವರಾಜ ಅರಸು ರಸ್ತೆಯಲ್ಲೊಂದು ಅಂಗಡಿ ಇದ್ದರೆ ಅದರ ವ್ಯಾಪಾರವೂ ಇದಕ್ಕೆ ಸೇರುತ್ತದೆ.

2025ರ ಬದಲಾವಣೆಯೂ ಹೀಗೇ ದೂರದ ಮಾತು. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ ಈಗ ಶೇ. 5. ನೋಂದಣಿ ಮಾಡಿಸಿದ ದೊಡ್ಡ ಪಿಜಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಬಂದು ಇದ್ದು ಹೋಗುವವರಿಗೆ 90 ದಿನದ ವಿನಾಯಿತಿ ಸಿಗುವುದಿಲ್ಲ. ಅಂಥವರಿಗೆ ಇದು ಮುಖ್ಯ.

ಕರೆಂಟ್ ಬಿಲ್ಲಿಗೆ ಗೊತ್ತಿರುವ ವ್ಯತ್ಯಾಸ

ಮನೆಯವರ ಜೇಬಿಗೆ ನಿಜವಾಗಿ ಕೈ ಹಾಕುವುದು ಜಿಎಸ್‌ಟಿ ಅಲ್ಲ, ಕರೆಂಟು. ಇದರ ಬಗ್ಗೆ ಸುದ್ದಿ ಬರುವುದೇ ಇಲ್ಲ.

ಮೈಸೂರು, ಮಂಡ್ಯ ಸೇರಿ ಐದು ಜಿಲ್ಲೆಗಳಿಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಆಯೋಗದ ದರಪಟ್ಟಿಯಲ್ಲಿ ಪಿಜಿಗಳನ್ನು ವಾಣಿಜ್ಯ ವರ್ಗಕ್ಕೆ ಸೇರಿಸುವಾಗ ಒಂದು ಷರತ್ತು ಹಾಕಿದ್ದಾರೆ: ಪ್ರತ್ಯೇಕವಾದ, ಅದಕ್ಕೆಂದೇ ಇರುವ ಕಟ್ಟಡದಲ್ಲಿ ನಡೆಯುವ ಪಿಜಿ ಆಗಿರಬೇಕು. ತಾವಿರುವ ಮನೆಯಲ್ಲೇ ಒಂದು ರೂಮು ಕೊಟ್ಟವರು ಈ ಮಾತಿನೊಳಗೆ ಬರುವುದಿಲ್ಲ. ಮೇಲೆ ಹೇಳಿದ ಎರಡು ಬಗೆಗಳ ನಡುವೆ ಗೆರೆ ಎಳೆದಿರುವ ನಿಯಮ ಇದು. ಇಷ್ಟು ಸರಳ ಗೆರೆ ಬೇರೆ ಇಲಾಖೆಗಳಿಗೆ ಯಾಕೆ ಹೊಳೆಯಲಿಲ್ಲವೋ.

ಹಾಗಂತ ಮನೆಯವರಿಗೆ ಪೆಟ್ಟು ಬೀಳುವುದಿಲ್ಲ ಅಂತಲ್ಲ. ಗೃಹಜ್ಯೋತಿಯಲ್ಲಿ ಉಚಿತ ಕರೆಂಟು ಸಿಗುವುದು ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್‌ವರೆಗೆ. 200 ದಾಟಿದರೆ ದಾಟಿದಷ್ಟಕ್ಕೆ ಅಲ್ಲ, ಇಡೀ ಬಿಲ್ಲು ಕಟ್ಟಬೇಕು. ಈಗ ಲೆಕ್ಕ ಹಾಕಿ. 2 ಕಿಲೋವ್ಯಾಟ್‌ನ ಗೀಸರ್ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್. ಒಬ್ಬರ ಸ್ನಾನಕ್ಕೆ ತಿಂಗಳಿಗೆ 15 ಯೂನಿಟ್, ಇಬ್ಬರಿಗೆ 30. ಇದರ ಮೇಲೆ ಪರೀಕ್ಷೆಯ ಸಮಯದಲ್ಲಿ ರಾತ್ರಿಯಿಡೀ ಉರಿಯುವ ಲೈಟು, ತಿರುಗುವ ಫ್ಯಾನು, ವಾರಕ್ಕೆ ಎರಡು ಸಲ ವಾಷಿಂಗ್ ಮೆಷಿನ್. 160 ಯೂನಿಟ್‌ನಲ್ಲಿದ್ದ ಮನೆ ಸುಲಭವಾಗಿ 200 ದಾಟುತ್ತದೆ. ಸೊನ್ನೆ ಬಿಲ್ಲು ಬರುತ್ತಿದ್ದವರಿಗೆ ಒಮ್ಮೆಲೇ ಪೂರ್ತಿ ಬಿಲ್ಲು ಬರುತ್ತದೆ. 'ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ' ಎಂಬ ಓನರ್ ಆಂಟಿಯ ಕಟ್ಟುನಿಟ್ಟಿನ ಹಿಂದೆ ಈ ಲೆಕ್ಕವೂ ಇರಬಹುದು.

ಗ್ಯಾಸ್‌ನದು ಇನ್ನೊಂದು ಕಥೆ. 14.2 ಕೆಜಿಯ ಮನೆಬಳಕೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಅದಕ್ಕೆ 19 ಕೆಜಿಯದು ಬೇರೆ ಇದೆ. ಮೆಸ್ ನಡೆಸುವವರಿಗೆ ಇದು ಸ್ಪಷ್ಟ. ಮನೆಯ ಸಾರಿಗೆ ಇನ್ನೆರಡು ಲೋಟ ನೀರು ಹೆಚ್ಚಿಗೆ ಹಾಕುವವರ ವಿಷಯದಲ್ಲಿ ಗೆರೆ ಎಲ್ಲಿದೆ ಅಂತ ಹೇಳುವುದು ಕಷ್ಟ.

ಊಟ ಸೇರಿಕೊಂಡಾಗ

ಬರೀ ರೂಮು ಬಾಡಿಗೆಗೆ ಕೊಟ್ಟರೆ ಎದುರಾಗದ ಕೆಲವು ನಿಯಮಗಳು ಊಟ ಹಾಕಿದ ಕೂಡಲೇ ಎದುರಾಗುತ್ತವೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಕಣ್ಣಿಗೆ ಲಾಭಕ್ಕಾಗಿ ಮಾಡಿದರೂ, ಲಾಭವಿಲ್ಲದೆ ಮಾಡಿದರೂ ಆಹಾರ ಒದಗಿಸುವುದು ಆಹಾರ ವ್ಯಾಪಾರವೇ. ಸಣ್ಣ ಮಟ್ಟದವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ದುಡ್ಡು ದೊಡ್ಡದಲ್ಲ, ಆದರೆ 65 ವರ್ಷದ ಗೃಹಿಣಿ ತಾನೊಬ್ಬ ಆಹಾರ ವ್ಯಾಪಾರಿ ಅಂತ ಆನ್‌ಲೈನ್ ಅರ್ಜಿ ತುಂಬುತ್ತಾರಾ?

ಆದಾಯ ತೆರಿಗೆಯಲ್ಲೂ ಊಟದ ದುಡ್ಡು ಬೇರೆ ದಾರಿ ಹಿಡಿಯುತ್ತದೆ. ಮನೆ ಬಾಡಿಗೆಯ ಆದಾಯದಲ್ಲಿ ಶೇ. 30ರಷ್ಟನ್ನು ಖರ್ಚಿನ ಚೀಟಿ ತೋರಿಸದೆಯೇ ಕಳೆಯಲು ಅವಕಾಶವಿದೆ. ಊಟಕ್ಕೆ ತೆಗೆದುಕೊಂಡ ದುಡ್ಡು ಬಾಡಿಗೆ ಅಲ್ಲ. ಎರಡನ್ನೂ ಒಂದೇ ಮೊತ್ತವಾಗಿ ಬರೆದರೆ ಯಾವುದೆಷ್ಟು ಎಂಬ ತಕರಾರು ಏಳುತ್ತದೆ. ಅತ್ತ ಕೆಲಸದಲ್ಲಿರುವ ಹುಡುಗನಿಗೂ ತೊಂದರೆ. ಅವನು ಎಚ್‌ಆರ್‌ಎ (ಸಂಬಳದ ಜೊತೆ ಸಿಗುವ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಬಹುದಾದ್ದು ಬಾಡಿಗೆಗೆ ಮಾತ್ರ, ಉಪ್ಪಿಟ್ಟಿಗಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೂಡ ಕೊಡಬೇಕು. ಪ್ಯಾನ್ ಕೇಳಿದ ತಕ್ಷಣ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುವುದು ಇದಕ್ಕೇ.

ಬೆಂಗಳೂರಿನ ನಿಯಮ ಇಲ್ಲಿಗೂ ಬಂದರೆ

2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿದ ವ್ಯಕ್ತಿ ಯುವತಿಯೊಬ್ಬರನ್ನು ಕೊಂದ. ಮುಂದಿನ ತಿಂಗಳೇ ಅಲ್ಲಿನ ಪಾಲಿಕೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ದಿನದ 24 ಗಂಟೆಯೂ ಒಬ್ಬ ಸಿಬ್ಬಂದಿ, ಬೆಂಕಿ ಸುರಕ್ಷತೆ, ಆಹಾರ ಸುರಕ್ಷತಾ ಪರವಾನಗಿ, ಟ್ರೇಡ್ ಲೈಸೆನ್ಸ್.

ಇದು ಬೆಂಗಳೂರಿಗೆ ಮಾಡಿದ್ದು. ಮೈಸೂರು ಪಾಲಿಕೆ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ. ವ್ಯಾಪಾರಗಳಿಗೆ ಟ್ರೇಡ್ ಲೈಸೆನ್ಸ್ ಕೊಡುವ ಅಧಿಕಾರ ಇಲ್ಲೂ ಇದೆ, ಆದರೆ ಬೆಂಗಳೂರಿನ ಸುತ್ತೋಲೆ ತಾನಾಗಿ ಇಲ್ಲಿಗೆ ಬರುವುದಿಲ್ಲ. ಹಾಗಿದ್ದರೂ 'ಅಲ್ಲಿ ಮಾಡಿದ್ದನ್ನು ಇಲ್ಲೂ ಮಾಡಿ' ಎಂಬ ಬೇಡಿಕೆ ಸಹಜ. ಅದೇ ನಿಯಮವನ್ನು ಪದಕ್ಕೆ ಪದ ತಂದರೆ ಏನಾಗುತ್ತದೆ ನೋಡೋಣ.

ಹಳೆಯ ಮೈಸೂರು ಮನೆಯ ರೂಮೊಂದು 10 ಅಡಿ ಅಗಲ, 12 ಅಡಿ ಉದ್ದ ಇದೆ ಅಂತಿಟ್ಟುಕೊಳ್ಳಿ. 120 ಚದರಡಿ. ಇಬ್ಬರಿಗೆ 140 ಬೇಕು. ಅಲ್ಲಿಗೆ ಒಬ್ಬರೇ ಇರಬೇಕು, ಬಾಡಿಗೆ ಹೆಚ್ಚುಕಡಿಮೆ ಎರಡರಷ್ಟಾಗಬೇಕು. ಇಲ್ಲವೇ ಮನೆಯವರು ಇದರ ಸಹವಾಸವೇ ಬೇಡ ಅನ್ನಬೇಕು. 24 ಗಂಟೆ ಸಿಬ್ಬಂದಿ ಬೇಕು ಎಂಬುದು ಮಾಲೀಕರಿಲ್ಲದ ಕಟ್ಟಡಕ್ಕೆ ಬಹಳ ಅಗತ್ಯ. ಮಾಲೀಕರೇ ಹಾಲ್‌ನಲ್ಲಿ ಕೂತಿರುವ ಮನೆಗೆ ಅದರ ಅರ್ಥವೇನು? ಬೆಂಕಿ ಸುರಕ್ಷತೆಯಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಬೇಡ. ಕಿಟಕಿಗೆಲ್ಲ ಗ್ರಿಲ್ ಹಾಕಿ, ಒಂದೇ ಬಾಗಿಲಿಟ್ಟು, ಮಹಡಿ ಮೇಲೆ ಶೀಟು ಹಾಕಿದ ರೂಮಿನಲ್ಲಿ ಮಕ್ಕಳನ್ನು ಇಡುವುದು ಮನೆಯಾದರೂ ತಪ್ಪೇ.

ಇರುವವರಿಗೆ ಯಾವ ಕಾನೂನು?

ಬೇರೆ ಮನೆ ಬಾಡಿಗೆಗೆ ಹಿಡಿದವರಿಗೆ ಬಾಡಿಗೆ ಕಾನೂನಿನ ರಕ್ಷಣೆ ಇದೆ. ಇನ್ನೊಬ್ಬರ ಮನೆಯಲ್ಲಿ ಊಟದ ಜೊತೆ ರೂಮು ಪಡೆದವರ ಸ್ಥಿತಿ ಹಾಗಲ್ಲ. ಮನೆಯ ಹಿಡಿತ ಮಾಲೀಕರ ಕೈಯಲ್ಲೇ ಇರುತ್ತದೆ. ಅವರು ರೂಮಿಗೆ ಬಂದು ಕಸ ಗುಡಿಸಬಹುದು, ಗೇಟಿನ ಕೀ ಅವರ ಹತ್ತಿರವೇ ಇರುತ್ತದೆ. ಇಂಥ ಏರ್ಪಾಡು ಸಾಮಾನ್ಯವಾಗಿ ಲೀಸ್ ಅನ್ನಿಸಿಕೊಳ್ಳುವುದಿಲ್ಲ, ಬರೀ ಅನುಮತಿ ಅನ್ನಿಸಿಕೊಳ್ಳುತ್ತದೆ. ಈ ಎರಡರ ವ್ಯತ್ಯಾಸ ಹೇಗೆ ಅಳೆಯಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1959ರಲ್ಲೇ ಹೋಟೆಲೊಂದರ ಪ್ರಕರಣದಲ್ಲಿ ವಿವರಿಸಿದೆ. ಕಾಗದದ ಮೇಲೆ ಏನಿದೆ ಅನ್ನುವುದಕ್ಕಿಂತ, ಜಾಗ ಪೂರ್ತಿಯಾಗಿ ಯಾರ ವಶದಲ್ಲಿದೆ ಅನ್ನುವುದು ಮುಖ್ಯ. ಪರಿಣಾಮವಾಗಿ ಪಿಜಿಯಲ್ಲಿರುವವರು 'ನನ್ನನ್ನು ಬಿಡಿಸುವಂತಿಲ್ಲ' ಅಂತ ಬಾಡಿಗೆ ಕಾಯ್ದೆ ಹಿಡಿದು ಕೂರುವುದು ಕಷ್ಟ.

ಆದರೆ ಕೈಗೆ ಇನ್ನೊಂದು ಸಿಗುತ್ತದೆ, ಬಹಳ ಜನರಿಗೆ ಇದು ಗೊತ್ತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ 'ಸೇವೆ' ಎಂಬುದರಲ್ಲಿ ಊಟ, ವಸತಿ ಅಥವಾ ಎರಡನ್ನೂ ಹೆಸರಿಟ್ಟೇ ಸೇರಿಸಿದೆ. ಅಡ್ವಾನ್ಸ್ ವಾಪಸ್ ಕೊಡದಿದ್ದರೆ, ಹೇಳಿದ ಊಟ ಹಾಕದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಯಾವ ಊಟದಿಂದಾಗಿ ಬಾಡಿಗೆದಾರರ ಹಕ್ಕು ತೆಳುವಾಯಿತೋ, ಅದೇ ಊಟದಿಂದಾಗಿ ಗ್ರಾಹಕರ ಹಕ್ಕು ಸಿಕ್ಕಿತು. ಬೇಕಾದ್ದು ಒಂದೇ, ದುಡ್ಡು ಕೊಟ್ಟಿದ್ದಕ್ಕೆ ಪುರಾವೆ. ಕೈಯಲ್ಲಿ ನಗದು ಕೊಟ್ಟು ರಸೀದಿ ಕೇಳದೆ ಬಂದವರಿಗೆ ಯಾವ ಕಾಯ್ದೆ ಇದ್ದರೂ ಅಷ್ಟಕ್ಕಷ್ಟೇ.

ಯಾರು ಏನು ಹೇಳುತ್ತಾರೆ

ದೊಡ್ಡ ಪಿಜಿಯವರ ವಾದ ಇದು: ನಾವು ಲೈಸೆನ್ಸ್, ವಾಣಿಜ್ಯ ದರದ ಕರೆಂಟು, ದೊಡ್ಡ ಸಿಲಿಂಡರ್ ಎಲ್ಲಕ್ಕೂ ದುಡ್ಡು ಕಟ್ಟುತ್ತೇವೆ. ಪಕ್ಕದ ಬೀದಿಯಲ್ಲಿ 'ಮನೆ' ಅಂತ ಹೇಳಿಕೊಂಡು ಹನ್ನೆರಡು ಮಂಚ ಹಾಕಿದವರು ಏನೂ ಕಟ್ಟದೆ ಕಡಿಮೆ ರೇಟಿಗೆ ಕೊಡುತ್ತಾರೆ. ಇದರಲ್ಲಿ ಹುರುಳಿದೆ. ಮನೆಯ ಹೆಸರು ಹೇಳಿ ವ್ಯಾಪಾರ ಮಾಡುವವರು ಇದ್ದೇ ಇದ್ದಾರೆ, ಅವರಿಂದಾಗಿಯೇ ನಿಜವಾದ ಮನೆಯವರ ಮೇಲೂ ಅನುಮಾನ.

ಬಡಾವಣೆಯ ನಿವಾಸಿಗಳ ದೂರು ಬೇರೆ. ರಸ್ತೆ ತುಂಬ ಬೈಕು, ಕಸ, ನೀರಿನ ಒತ್ತಡ ಕಡಿಮೆಯಾಗುವುದು. ಗಮನಿಸಿ, ಇವೆಲ್ಲ ಮೂವತ್ತು ಜನರ ಕಟ್ಟಡದಿಂದ ಆಗುವ ತೊಂದರೆ. ಇಬ್ಬರು ಹುಡುಗಿಯರಿಂದ ನೀರಿನ ಒತ್ತಡ ಇಳಿಯುವುದಿಲ್ಲ. ಅಪ್ಪ ಅಮ್ಮಂದಿರದು ಇನ್ನೊಂದು ಕಡೆಯ ನೋಟ. ಪಿರಿಯಾಪಟ್ಟಣದಿಂದಲೋ ಕೆ.ಆರ್. ಪೇಟೆಯಿಂದಲೋ ಮಗಳನ್ನು ಕಳಿಸುವವರಿಗೆ ಮೇಲೊಬ್ಬರು ಹಿರಿಯರು ಇದ್ದಾರೆ ಅನ್ನುವುದೇ ದೊಡ್ಡ ಸುರಕ್ಷತೆ. ಅದೇ ಹಿರಿಯರು ಎಂಟು ಗಂಟೆಗೆ ಗೇಟು ಹಾಕುವುದು ಮಗಳಿಗೆ ಉಸಿರುಕಟ್ಟಿಸುತ್ತದೆ. ಇದನ್ನು ಯಾವ ಪಾಲಿಕೆಯ ನಿಯಮವೂ ಬಗೆಹರಿಸದು.

ಮುಂದೆ ಏನಾಗಬಹುದು

ಈಗಿನಂತೆಯೇ ಬಿಟ್ಟರೆ ಮನೆಯವರು ಕಣ್ಣಿಗೆ ಬೀಳದಂತೆ ಇರುತ್ತಾರೆ. ಬೋರ್ಡು ಹಾಕುವುದಿಲ್ಲ, ರಸೀದಿ ಕೊಡುವುದಿಲ್ಲ, ಗುರುತಿನವರ ಮೂಲಕ ಬಂದವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಗುರುತಿನವರು ಅಂದರೆ ಬಹುಮಟ್ಟಿಗೆ ತಮ್ಮ ಜಾತಿ, ತಮ್ಮ ಕಡೆಯವರು. ಹೊರಗಿನ ಮಕ್ಕಳಿಗೆ, ಮಾಂಸಾಹಾರಿಗಳಿಗೆ, ಮುಸ್ಲಿಂ ಹುಡುಗಿಯರಿಗೆ ಈ ಬಾಗಿಲು ತೆರೆಯುವುದು ಕಷ್ಟ. ವ್ಯವಹಾರ ಬಹಿರಂಗವಾದಷ್ಟೂ ಇಂಥ ಆಯ್ಕೆ ಕಷ್ಟವಾಗುತ್ತದೆ, ಗುಟ್ಟಾದಷ್ಟೂ ಸುಲಭ.

ಎಲ್ಲರಿಗೂ ಒಂದೇ ನಿಯಮ ಹಾಕಿದರೆ ಮನೆಯವರು ಹಿಂದೆ ಸರಿಯುತ್ತಾರೆ. ಆಗ ಉಳಿಯುವುದು ಮೈಸೂರಿನ ಹೆಬ್ಬಾಳ, ಬೋಗಾದಿಯ ಕಡೆಯ ಕಟ್ಟಡಗಳು. ಸರಸ್ವತಿಪುರಂನ ಕಾಲೇಜಿಗೆ ನಡೆದು ಹೋಗುತ್ತಿದ್ದವರು ಬಸ್ ಹಿಡಿಯಬೇಕಾಗುತ್ತದೆ. ಖಾಲಿಯಾದ ರೂಮುಗಳು ದಸರಾ ಸಮಯದಲ್ಲಿ ಪ್ರವಾಸಿಗರ ಪಾಲಾಗಬಹುದು, ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ.

ಗೋಕುಲಂನಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು ಒಂದೆರಡು ತಿಂಗಳು ಮನೆಗಳಲ್ಲಿ ಉಳಿಯುತ್ತಾರೆ. 90 ದಿನ ತುಂಬುವುದಿಲ್ಲ, ಆದರೆ 20 ಲಕ್ಷದ ಕೆಳಗಿರುವ ಮನೆಗೆ ಅದರಿಂದ ತೊಂದರೆ ಇಲ್ಲ. ಅಲ್ಲಿ ತಪ್ಪಿಸಿಕೊಳ್ಳಲಾಗದ್ದು ಇನ್ನೊಂದು. ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮನೆಯವರು ಅವರ ವಿವರ ಸಲ್ಲಿಸಬೇಕು. ಒಂದು ರೂಮು ಕೊಟ್ಟವರಿಗೂ ಇದು ಕಡ್ಡಾಯ. ಅಂದರೆ ಸಣ್ಣ ಮನೆಯವರಿಂದಲೂ ಮಾಹಿತಿ ತೆಗೆದುಕೊಳ್ಳುವುದು ಸಾಧ್ಯ, ಅದಕ್ಕಾಗಿ ಅವರನ್ನು ಹೋಟೆಲ್ ಮಾಡಬೇಕಿಲ್ಲ.

ಪಾಲಿಕೆ ಮುಂದೊಂದು ದಿನ ಪಿಜಿ ನಿಯಮ ಬರೆಯಲು ಕೂತರೆ ಕೇಳಬೇಕಾದ ಪ್ರಶ್ನೆ ಎರಡು. ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದಾರಾ? ದುಡ್ಡು ಕೊಟ್ಟು ಇರುವವರು ಎಷ್ಟು ಜನ? ಮಾಲೀಕರು ಅಲ್ಲೇ ಇದ್ದು, ಇರುವವರು ನಾಲ್ಕೈದು ಜನ ಮೀರದಿದ್ದರೆ ಒಂದು ಹಾಳೆಯ ಸ್ವಯಂ ಘೋಷಣೆ ಸಾಕು. ಅದರಲ್ಲಿ ಹೊರಹೋಗುವ ಬಾಗಿಲು ಎಷ್ಟು, ಕಿಟಕಿ ಹೇಗಿದೆ, ಇರುವವರ ಹೆಸರೇನು ಎಂಬುದಿರಲಿ. ಸಂಖ್ಯೆ ಅದನ್ನು ಮೀರಿದರೆ ಅಥವಾ ಮಾಲೀಕರು ಬೇರೆಡೆ ಇದ್ದರೆ ಪೂರ್ತಿ ಲೈಸೆನ್ಸ್, ಪೂರ್ತಿ ತಪಾಸಣೆ. ಹನ್ನೆರಡು ಮಂಚದ 'ಮನೆ'ಗಳು ಆಗ ತಾವಾಗಿಯೇ ಎರಡನೆಯ ಸಾಲಿಗೆ ಹೋಗುತ್ತವೆ.

ಅಂಥ ನಿಯಮ ಬರುವವರೆಗೆ ಎರಡೂ ಕಡೆಯವರಿಗೆ ಕೈಗೆಟುಕುವುದು ರಸೀದಿ ಪುಸ್ತಕ. ಬಾಡಿಗೆ ಇಷ್ಟು, ಊಟಕ್ಕೆ ಇಷ್ಟು, ಅಡ್ವಾನ್ಸ್ ಇಷ್ಟು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಗೀಸರ್ ಕರೆಂಟಿನ ದುಡ್ಡು ಯಾರದು. ಸೇರುವ ದಿನವೇ ಇಷ್ಟನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು.